ದೊಡ್ಡವ್ವನ ಮನೆಯ ವೈವಾ

ಹುಬ್ಬಳ್ಳಿ-ಧಾರವಾಡದಲ್ಲಿ ಓದಿಕೊಳ್ಳದೆ ಕಾಲಿಡಬಾರದಂಥ ಮನೆ ಒಂದೇ ಒಂದಿದೆ. ಅದು ನವನಗರದಲ್ಲಿರುವ ನಮ್ಮ ದೊಡ್ಡವ್ವನ, ಅಂದರೆ ಅವ್ವನ ಅಕ್ಕನ ಮನೆ. ನಗಬೇಡಿ! ನೀವು ಮದುವೆಯ ಕರೆಯೋಲೆ ಕೊಡಲು ಹೋಗಿರಿ, ಜನಗಣತಿಗೆ ಹೋಗಿರಿ, ವೋಟು ಕೇಳಲು ಹೋಗಿರಿ, ಆಕೆ ನಿಮ್ಮನ್ನು ಖುರ್ಚಿಯಲ್ಲಿ ಕೂರಿಸಿ, ಕೈಗೆ ನೀರಿನ ತಂಬಿಗೆ ಕೊಟ್ಟು, ನೀವು ಎರಡು ಗುಟುಕು ಕುಡಿಯುವುದರೊಳಗೆ ಕೇಳಿಯೇ ಬಿಡುತ್ತಾಳೆ.

"ನ್ಯೂಟನ್ ಅಜ್ಜಾರು ಬಿಳೇ ಬೆಳಕಿಗೆ ಏನ ಮಾಡಿದ್ರು? ಹೇಳ್ರಿ ನೋಡೂಣು."

ಗಾಜಿನ ಪಟ್ಟಕದೊಳಗೆ ಹಾಯಿಸಿ ಏಳು ಬಣ್ಣ ಬಿಡಿಸಿ ತೋರಿಸಿದರು ಎಂದರೆ ಚಹಾ ಬರುತ್ತದೆ. ಗೊತ್ತಿಲ್ಲ ಎಂದರೆ ಇನ್ನೊಂದು ತಂಬಿಗೆ ನೀರು. ಹಿಂದಿನ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿ ನಾಲ್ಕು ತಂಬಿಗೆ ನೀರು ಕುಡಿದು, ಕೈಮುಗಿದು, ಎದ್ದು ಹೋದ. ಪಾಪ, ಠೇವಣಿ ಉಳಿಯಿತೋ ಇಲ್ಲವೋ, ಬಾಯಾರಿಕೆಯಂತೂ ಹೋಗಿತ್ತು!

ಇಷ್ಟು ಕೇಳಿದವರು ದೊಡ್ಡವ್ವ ಎಲ್ಲೋ ಫಿಜಿಕ್ಸ್ ಪ್ರೊಫೆಸರ್ ಆಗಿದ್ದಿರಬೇಕು ಎಂದುಕೊಳ್ಳುತ್ತಾರೆ. ಆಕೆ ಓದಿದ್ದು ನಾಲ್ಕನೇ ಇಯತ್ತೆ. ಧಾರವಾಡದ ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿ ಮೂವತ್ತೆಂಟು ವರ್ಷ ದುಡಿದು ನಿವೃತ್ತಳಾದಳು. ಅದೂ ಬೇಡಿ ಪಡೆದ ನೌಕರಿಯಲ್ಲ. ಮೊದಲು ದೊಡ್ಡಪ್ಪ ಅಲ್ಲಿ ಅಟೆಂಡರ್ ಇದ್ದ. ಮದುವೆಯಾದ ಮೂರನೇ ವರ್ಷ ಕಾಮಾಲೆಯಾಗಿ ತೀರಿಕೊಂಡ. ಅನುಕಂಪದ ಮೇಲೆ ಆ ಕೆಲಸ ಹೆಂಡತಿಗೆ ಬಂತು. ಮಕ್ಕಳಿಲ್ಲ. ಹೀಗೆ ಇಪ್ಪತ್ತೆರಡರ ಹರೆಯದಲ್ಲಿ ಆಕೆ, ಗಂಡ ಒರೆಸುತ್ತಿದ್ದ ಮೇಜುಗಳನ್ನು ಒರೆಸಲು ನಿಂತಳು.

ಇನ್ನು ನನ್ನ ವಿಷಯ. ನಾನು ನಮ್ಮ ಮನೆತನದ ಮೊದಲ ಪದವೀಧರೆ. ಯಾರೂ ಕೇಳದಿದ್ದರೂ ಇದನ್ನು ಹೇಳುವ ಚಟ ನನಗಿದೆ. ದೊಡ್ಡವ್ವನೊಬ್ಬಳನ್ನು ಬಿಟ್ಟರೆ ನನಗಿಂತ ಹಿಂದಿನವರೆಲ್ಲ ಹೆಬ್ಬೆಟ್ಟು ಒತ್ತಿದವರು. ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲ, ಅವ್ವನಿಗೆ ಬಸ್ಸಿನ ಬೋರ್ಡು ಓದಲು ಬರುವುದಿಲ್ಲ. ನಾನು ಬಿ.ಎಸ್ಸಿ., ಬಿ.ಎಡ್. ಮುಗಿಸಿ ಉಣಕಲ್ಲಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಸುಮ್ಮನೆ ಆದದ್ದಲ್ಲ ಇದು. ಇದರ ಹಿಂದೆ ದೊಡ್ಡವ್ವ ಇದ್ದಾಳೆ, ದೊಡ್ಡವ್ವನ ಹಿಂದೆ ವೈವಾ ಇದೆ.

ವೈವಾ ಎಂದರೇನು? ಪ್ರಯೋಗ ಪರೀಕ್ಷೆಯ ದಿನ ಬೇರೆ ಊರಿನಿಂದ ಬಂದ ಪರೀಕ್ಷಕರು ಹುಡುಗರನ್ನು ಒಬ್ಬೊಬ್ಬರಾಗಿ ಎದುರಿಗೆ ಕೂರಿಸಿಕೊಂಡು ಬಾಯಿಯಿಂದಲೇ ಪ್ರಶ್ನೆ ಕೇಳುವುದು. ಆ ಹೊತ್ತಿನಲ್ಲಿ ದೊಡ್ಡವ್ವನ ಕೆಲಸ, ಪರೀಕ್ಷಕರ ಪಕ್ಕದಲ್ಲಿ ಚಹಾ ಮತ್ತು ಮಿರ್ಚಿ ಭಜಿಯ ಪ್ಲೇಟು ಹಿಡಿದು ನಿಲ್ಲುವುದು. ಯಾರೂ ಆಕೆಯನ್ನು ನೋಡುತ್ತಿರಲಿಲ್ಲ. ಆಕೆ ಎಲ್ಲವನ್ನೂ ಕೇಳುತ್ತಿದ್ದಳು. ಇಂಗ್ಲಿಷ್ ಮಾತು ತಿಳಿಯದಿದ್ದರೆ ಸಂಜೆ ಮೇಜು ಒರೆಸುವಾಗ ಯಾರಾದರೂ ಒಳ್ಳೆಯ ಲೆಕ್ಚರರನ್ನು ಕೇಳಿ ಕನ್ನಡ ಮಾಡಿಕೊಳ್ಳುವಳು.

ಆದರೆ ಹೀಗೆ ಕಲಿಯುವುದರಲ್ಲಿ ಒಂದು ತೊಡಕಿತ್ತು, ನೋಡಿ. ಪ್ರಶ್ನೆ ಮೊದಲ ವರ್ಷವೇ ಸಿಗುತ್ತಿತ್ತು, ಉತ್ತರ ಸಿಗುತ್ತಿರಲಿಲ್ಲ. ಯಾಕೆಂದರೆ ಹುಡುಗರಿಗೆ ಬರುತ್ತಿರಲಿಲ್ಲ! "ಫ್ಯಾರಡೆ ಏನು ಕಂಡುಹಿಡಿದರು?" ಎಂಬ ಪ್ರಶ್ನೆಯನ್ನು ಆಕೆ ಆರು ವರ್ಷ ಮನಸ್ಸಿನಲ್ಲಿಟ್ಟುಕೊಂಡು ಓಡಾಡಿದಳಂತೆ. ಏಳನೇ ವರ್ಷ ನರಗುಂದದ ಕಡೆಯ ಒಬ್ಬ ಹುಡುಗಿ ಬಂದು, ತಂತಿಯ ಸುರುಳಿಯೊಳಗೆ ಅಯಸ್ಕಾಂತ ಆಡಿಸಿದರೆ ಕರೆಂಟು ಹುಟ್ಟುತ್ತದೆ ಎಂದು ಹೇಳಿದಾಗ ದೊಡ್ಡವ್ವ ಪರೀಕ್ಷಕರ ಚಹಾವನ್ನು ಆ ಹುಡುಗಿಯ ಮುಂದೆಯೇ ಇಟ್ಟುಬಿಟ್ಟಳಂತೆ. ಇನ್ನು ಉತ್ತರ ಸರಿಯೋ ತಪ್ಪೋ ಎಂದು ತಿಳಿಯುವುದು ಹೇಗೆ? ಅದು ಸುಲಭ. ಪರೀಕ್ಷಕರ ತಲೆ ಮೇಲೆ ಕೆಳಗೆ ಆಡಿದರೆ ಸರಿ, ಅಡ್ಡಡ್ಡ ಆಡಿದರೆ ತಪ್ಪು. ಮೂವತ್ತೆಂಟು ವರ್ಷ ಆಕೆ ತಲೆಗಳನ್ನು ನೋಡಿ ಭೌತಶಾಸ್ತ್ರ ಕಲಿತಳು.

ನಿವೃತ್ತಿಯ ದಿನ ಕಾಲೇಜಿನವರು ಶಾಲು ಹೊದಿಸಿ, ಹಾರ ಹಾಕಿ, ಒಂದು ಗೋಡೆ ಗಡಿಯಾರ ಕೊಟ್ಟರು. ಆಕೆ ಗಡಿಯಾರ ಮರಳಿ ಕೊಟ್ಟಳು. "ಇದು ಬ್ಯಾಡ್ರಿ. ಗ್ವಾಡಿ ಮ್ಯಾಲಿನ ಫೋಟೋ ಕೊಡ್ರಿ." ಪ್ರಯೋಗಾಲಯಕ್ಕೆ ಹೊಸ ಬಣ್ಣ ಬಳಿದು ಫ್ಲೆಕ್ಸ್ ಹಾಕುವವರಿದ್ದರು, ಹಳೆಯ ಆರು ಫೋಟೋ ಹೇಗಿದ್ದರೂ ಗುಜರಿಗೆ ಹೋಗುತ್ತಿದ್ದವು. ಗೆಲಿಲಿಯೋ, ನ್ಯೂಟನ್, ಫ್ಯಾರಡೆ, ಮೇರಿ ಕ್ಯೂರಿ, ಐನ್‌ಸ್ಟೈನ್, ಸಿ. ವಿ. ರಾಮನ್. ಮರದ ಚೌಕಟ್ಟು, ಗಾಜು. ಆಟೋದಲ್ಲಿ ಹೇರುವಾಗ ಡ್ರೈವರ್ ಕೇಳಿದ, "ಯಾರ್ರಿ ಇವ್ರೆಲ್ಲಾ, ನಿಮ್ಮ ಮನಿ ಹಿರ್ಯಾರೇನು?"

"ಹೌದು," ಎಂದಳು ದೊಡ್ಡವ್ವ.

"ಮೂರ ಮಂದಿ ಮ್ಯಾಲ ಕುಂದ್ರಸಂಗಿಲ್ರಿ ಅಕ್ಕಾರ. ನೀವು ಏಳ ಮಂದಿ ಆದ್ರಿ!"

ಹೀಗೆ ಆರು ಜನ ನವನಗರದ ಪಡಸಾಲೆಗೆ ಬಂದು ನೆಲೆಸಿದರು. ಪಕ್ಕದ ಮನೆಯವಳು ಮೊದಲ ದಿನವೇ ಬಂದು ಗೆಲಿಲಿಯೋನ ಉದ್ದ ಗಡ್ಡ ನೋಡಿ ಕೈಮುಗಿದಳು.

"ಇವ್ರು ಯಾವ ಮಠದ ಅಜ್ಜಾರ್ರಿ?"

"ಮಠದವರಲ್ಲಬೇ. ದುರ್ಬೀನ್ ಹಚ್ಚಿ ಗುರು ಗ್ರಹದ ಚಂದ್ರನ್ನ ನೋಡಿದವ್ರು. ಭೂಮಿ ತಿರಗತೈತಿ ಅಂದಿದ್ದಕ್ಕ ಅಲ್ಲಿ ಮಠದವ್ರ ಕೈಲೆ ಬೈಸ್ಕೊಂಡು ಸಾಯೂತನಕಾ ಮನ್ಯಾಗ ಕುಂತ್ರು."

"ಏನರ ಆಗ್ಲಿ ಬಿಡ್ರಿ, ಗಡ್ಡ ಛಲೋ ಐತಿ. ಒಂದ ಊದಿನಕಡ್ಡಿ ಹಚ್ಚತ ಹೋಗ್ರಿ."

ಊದಿನಕಡ್ಡಿಗೂ ಕುಂಕುಮಕ್ಕೂ ದೊಡ್ಡವ್ವ ಒಪ್ಪಲಿಲ್ಲ. ದೇವರಾಗಿಬಿಟ್ಟರೆ ಅವರ ಬಗ್ಗೆ ಪ್ರಶ್ನೆ ಕೇಳುವುದು ಹೇಗೆ? ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಗಾಜು ಒರೆಸುವುದಷ್ಟೇ ಅವರಿಗೆ ಸಲ್ಲುವ ಪೂಜೆ. ಐನ್‌ಸ್ಟೈನರ ತಲೆಯ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ಒರೆಸುವಳು, ಹಾಗಾದರೂ ಕೂದಲು ಕೂರುತ್ತದೇನೋ ಎಂಬಂತೆ.

ಕಾಲೇಜು ಬಿಟ್ಟ ಮೇಲೆ ವೈವಾ ಎಲ್ಲಿ? ಆಕೆಗೆ ಪ್ರಶ್ನೆಗಳು ಮೈಯಲ್ಲಿ ತುಂಬಿಕೊಂಡಿದ್ದವು. ಮನೆಗೆ ಬಂದವರನ್ನು ಕೇಳಿದಳು. ಬರುವವರು ಕಡಿಮೆಯಾದಂತೆ ಹೊರಗೆ ಹೋಗಿ ಕೇಳಿದಳು. ಒಮ್ಮೆ ನಾನೂ ಆಕೆಯೂ ಬಸ್ಸಿನಲ್ಲಿ ಬರುತ್ತಿದ್ದಾಗ ಉಣಕಲ್ ಕೆರೆಯ ಹತ್ತಿರ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ನಿಂತಿದ್ದ ಒಬ್ಬ ಹೆಂಗಸು ಬದನೆಕಾಯಿ ಚೀಲದ ಸಮೇತ ದೊಡ್ಡವ್ವನ ತೊಡೆಯ ಮೇಲೆ ಬಂದು ಬಿದ್ದಳು.

"ಯಾರ ನಿಯಮ ಇದು?" ದೊಡ್ಡವ್ವ ತೊಡೆಯ ಮೇಲಿದ್ದವಳನ್ನೇ ಕೇಳಿದಳು.

"ಡ್ರೈವರಂದ್ರಿ ಅಕ್ಕಾರ!"

"ಎಷ್ಟನೇ ನಿಯಮ?"

"ಎಷ್ಟನೇದೋ ಯಾಂವ ಬಲ್ಲ! ಮುಂಜಾನಿಂದ ಹಿಂಗ ಹಾಕ್ಕೋಂತ ಹೊಂಟಾನ್ರಿ!"

ಮನೆಗೆ ಬಂದ ಮೇಲೂ ದೊಡ್ಡವ್ವನಿಗೆ ಕಸಿವಿಸಿ. "ನ್ಯೂಟನ್ ಅಜ್ಜಾರದು, ಮೊದಲನೇದು, ಅಂತ ಅಂದಿದ್ರ ಬದನಿಕಾಯಿ ನಾನ ಆರಿಸಿ ಕೊಡ್ತಿದ್ದೆ."

ಫ್ಯಾರಡೆಯ ವಿಷಯದಲ್ಲಿ ಮಾತ್ರ ಆಕೆ 'ಅಜ್ಜಾರು' ಎನ್ನುವುದಿಲ್ಲ. "ಅಂವ ನಮ್ಮಂವ" ಎನ್ನುತ್ತಾಳೆ. ಕಮ್ಮಾರನ ಮಗ. ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸಕ್ಕಿದ್ದವನು. ರಟ್ಟು ಕಟ್ಟಲು ಬಂದ ಪುಸ್ತಕಗಳನ್ನೇ ಓದಿಕೊಂಡವನು. ಆಮೇಲೆ ಒಬ್ಬ ದೊಡ್ಡ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಸಹಾಯಕನಾಗಿ ಸೇರಿದ. "ನನ್ನಂಗ ಬಾಟ್ಲಿ ತೊಳದಂವಬೇ. ತೊಳಕೋಂತನ ಕಲತಾ." ಮನೆಯಲ್ಲಿ ಕರೆಂಟು ಹೋಗಿ ಎಲೆಕ್ಟ್ರಿಷಿಯನ್ ಬಂದ ದಿನ ನಾನು ಅಲ್ಲೇ ಇದ್ದೆ. ಅವನು ಸ್ಟೂಲು ಹತ್ತಿ ಬೋರ್ಡು ಬಿಚ್ಚಿದ್ದ. ದೊಡ್ಡವ್ವ ಕೆಳಗೆ ಸ್ಟೂಲು ಹಿಡಿದುಕೊಂಡಿದ್ದಳು.

"ಕರೆಂಟ್ ಹುಟ್ಟಿಸೋದು ಯಾರು ತೋರಿಸಿಕೊಟ್ರು?"

"ಕರೆಂಟ್ ಆಫೀಸಿನವ್ರ್ರಿ."

"ವಿಚಾರ ಮಾಡಿ ಹೇಳು. ನನಗೇನ ಗಡಿಬಿಡಿ ಇಲ್ಲ."

"ಅಕ್ಕಾರ, ಸ್ಟೂಲ್ ಅಳ್ಳಾಡಾಕತ್ತೈತ್ರಿ!"

"ಅದು ಅಳ್ಳಾಡವಲ್ದು. ನಾ ಅಳ್ಳಾಡಸಾಕತ್ತೇನಿ."

ಫ್ಯಾರಡೆ ಎಂಬ ಹೆಸರು ಅವನ ಬಾಯಿಂದ ಬರುವತನಕ ಆಕೆ ಅವನನ್ನು ಕೆಳಗಿಳಿಸಲಿಲ್ಲ. ಆಮೇಲೆ ಆ ಹುಡುಗ ನವನಗರದ ಆ ಸಾಲಿಗೇ ಬರುವುದನ್ನು ಬಿಟ್ಟ. ಈಗ ಫ್ಯೂಸು ನಾನೇ ಹಾಕುತ್ತೇನೆ.

ಅಂತೂ ನನ್ನ ಓದಿಗೆ ಕಾರಣವಾದವಳು ಮೇರಿ ಕ್ಯೂರಿ. ಪಿಯುಸಿ ಆದ ಮೇಲೆ ಸಾಕು, ಗಂಡು ನೋಡೋಣ ಎಂದು ಅಪ್ಪ ಹೊರಟಿದ್ದ. ದೊಡ್ಡವ್ವ ಆಗಿನ್ನೂ ನೌಕರಿಯಲ್ಲಿದ್ದಳು. ಗೋಪನಕೊಪ್ಪದ ನಮ್ಮ ಮನೆಗೆ ಬಂದವಳೇ ಅಪ್ಪನೆದುರು ಗೋಣಿ ತಟ್ಟಿನ ಮೇಲೆ ಕೂತಳು.

"ಒಬ್ಬಾಕಿ ಹೆಣ್ಮಗಳು ಅದಾಳ. ಸೋರೋ ಶೆಡ್ಡಿನಾಗ ಕುಂತು ರೇಡಿಯಂ ಅಂತ ಧಾತು ಹುಡುಕಿದ್ಲು. ಎರಡ ಸಲಾ ನೊಬೆಲ್ ತಗೊಂಡ್ಲು."

ಅಪ್ಪ ತಲೆ ತುರಿಸಿಕೊಂಡ. "ಆಕಿ ಗಂಡ ಏನ ಅಂದ?"

"ಏನ ಅಂತಾನ? ಅದ ಶೆಡ್ಡಿನಾಗ ಆಕಿ ಮಗ್ಗಲ ನಿಂತು ದುಡದಾ."

"ಅಂಥಾ ಗಂಡನ್ನ ನಾ ಎಲ್ಲಿಂದ ತರ್ಲಿ, ಅಕ್ಕಾರ?"

"ಮೊದಲ ಓದಸರಿ. ಆಮ್ಯಾಲೆ ಹುಡುಕೂಣು."

ಮೂರು ವರ್ಷ ಪ್ರತಿ ಸಂಜೆ ನನ್ನ ವೈವಾ ನಡೆಯಿತು. ನನ್ನ ಮಾರ್ಕ್ಸ್ ಕಾರ್ಡು ಯಾರಾದರೂ ನೋಡಬೇಕೆಂದರೆ ತೋರಿಸುತ್ತೇನೆ. ಪ್ರಾಕ್ಟಿಕಲ್‌ನಲ್ಲಿ ಒಂದೇ ಒಂದು ಅಂಕ ಹೋಗಿಲ್ಲ. ಮುಂದೆ ಬಿ.ಎಡ್. ಆಯಿತು, ನೌಕರಿ ಸಿಕ್ಕಿತು, ಹುಡುಕುವ ಕಾಲವೂ ಬಂತು. ಸಿಕ್ಕೇ ಸಿಕ್ಕಿದ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಹುಡುಗ! ಅವ್ವ ಖುಷಿಯಿಂದ ಕುಣಿಯುವುದೊಂದೇ ಬಾಕಿ. ಕನ್ಯಾ ನೋಡಲು ಬರುವ ದಿನ ದೊಡ್ಡವ್ವನಿಗೆ ಮುಂಚಿತವಾಗಿ ಹೇಳಿ ಕಳಿಸಿದಳು: "ಅಕ್ಕ, ಜರಿ ಸೀರಿ ಉಟ್ಕೊಂಡು ಬಾ. ಓದಿದವ್ರು ಬರಾಕತ್ತಾರ. ಮಾತಾಡಾಕ ನಮ್ಮ ಕಡಿ ನೀ ಒಬ್ಬಾಕಿನ ಇರೋದು."

ಅವಲಕ್ಕಿ ಆಯಿತು, ಚಹಾ ಆಯಿತು. ಹುಡುಗ ಛಲೋ ಇದ್ದ. ಕಣ್ಣು ತಗ್ಗಿಸಿ ಕೂತಿದ್ದ, ನನಗಿಂತ ಅವನೇ ಹೆಚ್ಚು ನಾಚಿದಂತಿತ್ತು. ದೊಡ್ಡವ್ವ ಗಂಟಲು ಸರಿಮಾಡಿಕೊಂಡಳು. ಅವ್ವ ಒಳಗಿನಿಂದ ಕಣ್ಣು ಸನ್ನೆ ಮಾಡಿದಳು. ಯಾರು ನೋಡುತ್ತಾರೆ!

"ಆಕಾಶ ನೀಲಿ ಯಾಕ ಕಾಣತೈತಿ ಅನ್ನೂದನ್ನ ಹೇಳಿದವರು ಯಾರು?"

ಇದು ಆಕೆಯ ಗಂಟಿನಲ್ಲಿದ್ದ ಅತ್ಯಂತ ಬೆಲೆಯುಳ್ಳ ಪ್ರಶ್ನೆ. ಮೂವತ್ತೆಂಟು ವರ್ಷದಲ್ಲಿ ಒಂದೇ ಒಂದು ಸಲ ಆಕೆಯ ಕಿವಿಗೆ ಬಿದ್ದದ್ದು. ಹಗುರ ಜನರಿಗೆ ಇದನ್ನು ಕೇಳುತ್ತಲೇ ಇರಲಿಲ್ಲ. ಹುಡುಗನಿಗೆ ಕೇಳಿದಳು ಎಂದರೆ ಅವನು ಆಕೆಗೆ ಒಪ್ಪಿಗೆಯಾಗಿದ್ದ ಎಂದೇ ಅರ್ಥ.

"ರೇಲಿ ಅವ್ರ್ರಿ," ಎಂದ ಹುಡುಗ.

"ತಪ್ಪು. ನಮ್ಮ ರಾಮನ್ ಅಜ್ಜಾರು."

ಹುಡುಗ ಸೌಮ್ಯವಾಗಿ ನಕ್ಕ. "ಅಲ್ಲ್ರಿ ದೊಡ್ಡಮ್ಮಾರ. ಗಾಳಿಯೊಳಗ ಬೆಳಕು ಚದುರೂದರಾಗ ನೀಲಿ ಜಾಸ್ತಿ ಚದುರತೈತಿ ಅಂದವ್ರು ರೇಲಿ. ರಾಮನ್ ಅವ್ರು ಸಮುದ್ರದ ನೀಲಿ ಯಾಕ ಅಂತ ಹೇಳಿದ್ರು. ಆಮ್ಯಾಲೆ ಚದುರಿದ ಬೆಳಕಿನ ಬಣ್ಣಾನ ಬದಲಾಗತೈತಿ ಅಂತ ತೋರಿಸಿ ನೊಬೆಲ್ ತಗೊಂಡ್ರು."

"ರೇಲಿ ಅಂತ ಯಾರೂ ಇಲ್ಲ. ಇದ್ದಿದ್ರ ಅವ್ರ ಫೋಟೋ ನಮ್ಮ ಗ್ವಾಡಿ ಮ್ಯಾಲ ಇರ್ತಿತ್ತು. ಫೇಲು."

ಹುಡುಗ ನಗುತ್ತಲೇ ಸೋಲೊಪ್ಪಿಕೊಂಡಂತೆ ಕೈಮುಗಿದ. ಆದರೆ ಅವನ ಸೋದರಮಾವ ತಟ್ಟೆ ಕೆಳಗಿಟ್ಟ. "ನಮ್ಮ ಹುಡುಗ ಹತ್ತು ವರ್ಷ ಆತು ಫಿಜಿಕ್ಸ್ ಕಲಸಾಕತ್ತಿ. ಅಟೆಂಡರ್ ಹೆಂಗಸಿನ ಕೈಲೆ ಫೇಲ್ ಆಗಾಕ ಬಂದಿಲ್ಲ."

ದೊಡ್ಡವ್ವ ಸೆರಗಿನ ಜರಿಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು.

ಈಗ ನಿಜ ಹೇಳಬೇಕು. ಹುಡುಗ ಹೇಳಿದ್ದು ಸರಿಯಿತ್ತು. ನನಗದು ಬಿ.ಎಸ್ಸಿ. ಎರಡನೇ ವರ್ಷವೇ ಗೊತ್ತಾಗಿತ್ತು. ಆಗಲೇ ದೊಡ್ಡವ್ವನಿಗೆ ತಿದ್ದಿ ಹೇಳೋಣವೆಂದು ಹೋಗಿ, ಆಕೆ ರಾಮನ್‌ರ ಪೇಟದ ಮೇಲಿನ ಧೂಳನ್ನು ಒರೆಸುತ್ತಿದ್ದುದನ್ನು ನೋಡಿ, ನಾಳೆ ಹೇಳೋಣವೆಂದು ಬಿಟ್ಟಿದ್ದೆ. 'ಅವರು ಹೇಳಿದ್ದು ಸರಿ ಐತಿ' ಎಂದು ಈಗಲಾದರೂ ಅಂದಿದ್ದರೆ ಹುಡುಗನ ಮುಖ ಉಳಿಯುತ್ತಿತ್ತು. ಆದರೆ 'ಅಟೆಂಡರ್ ಹೆಂಗಸು' ಎಂಬ ಮಾತು ಬಂದ ಮೇಲೆ ನಾನು ಹಾಗೆ ಹೇಳಿದರೆ ಯಾರ ಪಕ್ಷ ಹಿಡಿದಂತಾಗುತ್ತದೆ? ಬಾಯಿ ಬಿಡಲಿಲ್ಲ. "ತಿಳಿಸ್ತೇವ್ರಿ" ಎಂದು ಅವರು ಎದ್ದರು. ತಿಳಿಸಲಿಲ್ಲ. ನಾಲ್ಕು ತಿಂಗಳಲ್ಲಿ ಆ ಹುಡುಗನ ಮದುವೆ ಬೇರೆ ಕಡೆ ಆಯಿತು.

ಅವರು ಹೋದ ಕ್ಷಣವೇ ಅವ್ವ ಅಡುಗೆಮನೆಯಿಂದ ಹೊರಗೆ ಬಂದು ಅಕ್ಕನೆದುರು ನಿಂತಳು.

"ಗ್ವಾಡಿಗೆ ತೂಗಹಾಕಿದ ಸತ್ತ ಮಂದಿ ಸಲುವಾಗಿ ಜೀವಂತ ಕುಂತಂವನ್ನ ಎಬ್ಬಿಸಿ ಕಳಿಸಿದೆಲ್ಲ ಅಕ್ಕ! ಇನ್ನ ಮುಂದ ನಮ್ಮ ಮನಿ ಕಟ್ಟಿ ಹತ್ತಬ್ಯಾಡ."

"ನಾ ಇದ್ದದ್ದ ಹೇಳೇನಿ," ಎಂದಳು ದೊಡ್ಡವ್ವ. ಅಷ್ಟೇ. ಚಪ್ಪಲಿ ಮೆಟ್ಟಿಕೊಂಡು ಹೋದಳು.

ಇದು ನಡೆದು ವರ್ಷವಾಯಿತು. ಒಬ್ಬಳು ಗೋಪನಕೊಪ್ಪದಲ್ಲಿ, ಇನ್ನೊಬ್ಬಳು ನವನಗರದಲ್ಲಿ. ನಡುವೆ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಒಡಹುಟ್ಟಿದವರೆಂದು ಇಬ್ಬರಿಗೂ ಇನ್ನಾರೂ ಇಲ್ಲ. ನನಗೆ ರವಿವಾರ ಸೂಟಿ. ಅವ್ವ ಡಬ್ಬಿ ಕಟ್ಟಿ ಕೈಗೆ ಕೊಡುತ್ತಾಳೆ. "ಆಕಿಗಲ್ಲ. ನಿನಗ. ಹಾದ್ಯಾಗ ಹಸಿವಾದ್ರ ಇರ್ಲಿ." ತೆರೆದರೆ ಎಂಟು ಜೋಳದ ರೊಟ್ಟಿ, ದೊಡ್ಡವ್ವ ಇಷ್ಟಪಡುವ ಎಣ್ಣೆಗಾಯಿ! ಅರ್ಧ ತಾಸಿನ ದಾರಿಯಲ್ಲಿ ಎಂಟು ರೊಟ್ಟಿ ತಿನ್ನುವ ಹಸಿವು ಯಾರಿಗಿರುತ್ತದೆ? ಆ ಕಡೆ ದೊಡ್ಡವ್ವನೂ ಕಡಿಮೆಯವಳಲ್ಲ. "ನಿಮ್ಮವ್ವ ಕಳಿಸಿದ್ದಾದ್ರ ನನಗ ಬ್ಯಾಡ. ನೀ ತಿಂದು ಉಳದಿದ್ದಾದ್ರ ಇಡು." ಏಳು ಉಳಿಯುತ್ತಿದ್ದವು. ತಿನ್ನುತ್ತ ತಿನ್ನುತ್ತ ಗೋಡೆಯ ಕಡೆ ನೋಡಿ ಕೇಳುವಳು: "ಮೊಣಕಾಲ ನೋವು ಹೆಂಗ ಐತಿ? ನಿಮ್ಮವ್ವಂದಲ್ಲ, ಸುಮ್ನ ಕೇಳಿದೆ."

ನಾನು ಸಿಟ್ಟಿನಿಂದ, "ನೀವಿಬ್ರೂ ಚೀಟಿ ಬರದು ಕಳಿಸ್ರಿ. ನಾ ಪೋಸ್ಟ್ ಮಾಡ್ತೇನಿ," ಎಂದೆ.

"ಕ್ಯಾವೆಂಡಿಶ್ ಅಂತ ಒಬ್ಬ ಇದ್ನಂತಬೇ," ಎಂದಳು. ಹಿಂದೊಮ್ಮೆ ಒಬ್ಬ ಲೆಕ್ಚರರ್ ಹೇಳಿದ್ದರಂತೆ. "ಭಾರೀ ಶ್ರೀಮಂತ. ಮನ್ಯಾಗಿನ ಆಳಿನ ಜೋಡಿನೂ ಮಾತಾಡತಿದ್ದಿಲ್ಲಂತ. ಊಟಕ್ಕ ಏನ ಬೇಕು ಅಂತ ಚೀಟಿ ಬರದು ಇಡತಿದ್ನಂತ. ಅಂಥಾಂವ, ಒಬ್ಬನ ಕುಂತು, ಈ ಭೂಮಿನ ತೂಕಾ ಮಾಡಿದ. ಚಿತ್ರಾ ಬರಿಸ್ಕೊಳ್ಳಾಕೂ ಒಪ್ಪಲಿಲ್ಲಂತ, ಅದಕ್ಕ ಗ್ವಾಡಿ ಮ್ಯಾಲ ಇಲ್ಲ."

ಇನ್ನೊಂದು ತುತ್ತು ರೊಟ್ಟಿ ಮುರಿದುಕೊಂಡು ಮತ್ತೆ ಹೇಳಿದಳು. "ಭೂಮಿ ತೂಗೂದು ಒಬ್ಬನ ಕುಂತು ಆಗತೈತಿ ನೋಡು. ಊಟಾ ಆಗೂದಿಲ್ಲ."

ಬರುಬರುತ್ತ ಆ ಮನೆಗೆ ಹೋಗುವವಳು ನಾನೊಬ್ಬಳೇ ಆದೆ. ಹಾಲಿನವನು ಪಾಕೀಟು ಗೇಟಿಗೆ ಸಿಕ್ಕಿಸಿ ಓಡುತ್ತಾನೆ. ಗ್ಯಾಸಿನವನು ಸಿಲಿಂಡರನ್ನು ಕಂಪೌಂಡಿನ ಆಚೆಯೇ ಇಳಿಸಿ ಕೂಗುತ್ತಾನೆ. ಊದಿನಕಡ್ಡಿಯ ನೆರೆಯವಳು ಮಗಳ ಮನೆಗೆಂದು ಹೋಗಿ ಅಲ್ಲೇ ಉಳಿದಳು. ಹೀಗಿರುವಾಗ ಹೋದ ತಿಂಗಳ ಒಂದು ರವಿವಾರ ನಾನು ಗೇಟು ತೆಗೆಯುತ್ತಿದ್ದರೆ ಒಳಗಿನಿಂದ ಎರಡು ದನಿ ಕೇಳಿಸಿತು. ಒಂದು ದಪ್ಪ ದನಿ ಪ್ರಶ್ನೆ ಕೇಳುತ್ತಿತ್ತು, ಒಂದು ಸಣ್ಣ ದನಿ ಉತ್ತರ ಕೊಡುತ್ತಿತ್ತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಯಾರೋ ಬಂದಿದ್ದಾರೆ! ಅವ್ವನೇ ಬಂದಳೇನೋ ಎಂದು ಓಡಿ ಕಿಟಕಿಯಲ್ಲಿ ಇಣುಕಿದೆ.

ಎರಡು ಖುರ್ಚಿ ಎದುರುಬದುರು ಇದ್ದವು. ದೊಡ್ಡವ್ವ ಒಂದರಲ್ಲಿ ಕೂತು ದಪ್ಪ ದನಿಯಲ್ಲಿ, "ಐನ್‌ಸ್ಟೈನ್ ಅವರಿಗೆ ನೊಬೆಲ್ ಯಾವುದಕ್ಕೆ ಬಂತು?" ಎಂದಳು. ಎದ್ದಳು. ಎದುರಿನ ಖುರ್ಚಿಗೆ ಹೋಗಿ, ಕೈ ಕಟ್ಟಿಕೊಂಡು ಕೂತು, ಸಣ್ಣ ದನಿಯಲ್ಲಿ, "ಗೊತ್ತಿಲ್ರಿ ಸರ್," ಎಂದಳು.

ನಾನು ಒಳಗೆ ಹೋದೆ. ಆಕೆ ನಾಚಿದಂತೆ ಖುರ್ಚಿಯನ್ನು ಸರಿಸಿದಳು.

"ಗೊತ್ತಿಲ್ಲ ಅಂತ ಯಾಕ ಅಂದಿ? ನಿನಗ ಬರತೈತಲ್ಲ. ಲೋಹದ ಮ್ಯಾಲ ಬೆಳಕು ಬಿದ್ದು ಎಲೆಕ್ಟ್ರಾನ್ ಹೊರಗ ಬರ್ತಾವು, ಅದನ್ನ ಬಿಡಿಸಿ ಹೇಳಿದ್ದಕ್ಕ ಬಂತು ಅಂತ ನನಗ ಕಲಿಸಿದಾಕಿನ ನೀನು."

"ಎಲ್ಲಾಕ್ಕೂ ಉತ್ತರಾ ಹೇಳಿಬಿಟ್ರ ಲಗೂ ಮುಗದಹೋಗತೈತಬೇ," ಎಂದಳು. "ಸಂಜೀತನಕಾ ಹೋಗಬೇಕಲ್ಲ."

ನಾನು ಎದುರಿನ ಖುರ್ಚಿಯಲ್ಲಿ ಕೂತೆ. ಒಂದು ವರ್ಷದಿಂದ ಒಳಗಿಟ್ಟುಕೊಂಡದ್ದು ತಾನಾಗಿಯೇ ಹೊರಗೆ ಬಂತು.

"ದೊಡ್ಡವ್ವ, ಆ ಹುಡುಗ ಹೇಳಿದ್ದು ಸರಿ ಇತ್ತು. ಆಕಾಶದ ನೀಲಿ ರೇಲಿ ಅವರದು."

ಆಕೆ ನನ್ನನ್ನು ನೋಡಲಿಲ್ಲ. ರಾಮನ್‌ರ ಫೋಟೋ ನೋಡಿದಳು.

"ಪುಸ್ತಕದಾಗ ಐತೇನು?"

"ಐತಿ."

"ನಿನಗ ಯಾವಾಗ ಗೊತ್ತಾತು?"

"ಬಿ.ಎಸ್ಸಿ. ಎರಡನೇ ವರ್ಷ."

"ಅಂದ್ರ ಅವತ್ತ ಅಲ್ಲೆ ಕುಂತಾಗ ಗೊತ್ತಿತ್ತು."

"ಗೊತ್ತಿತ್ತು."

"ನೀ ಫೇಲು," ಎಂದಳು ದೊಡ್ಡವ್ವ, ಬಹಳ ಮೆಲ್ಲಗೆ. "ತಪ್ಪ ಹೇಳಿದವ್ರಿಗೂ ಒಂದ ಮಾರ್ಕ್ಸ್ ಕೊಟ್ಟಿದ್ದು ನೋಡೇನಿ. ಗೊತ್ತಿದ್ದೂ ಬಾಯಿ ಬಿಡದವ್ರಿಗೆ ಸೊನ್ನಿ."

ಸೆರಗು ಮುಖಕ್ಕೆ ಒತ್ತಿಕೊಂಡಳು. ಹೆಗಲು ಅಲುಗತೊಡಗಿದವು. ಏನು ಮಾಡಿಬಿಟ್ಟೆನಪ್ಪಾ ಎಂದು ನಾನು ಕೈ ಹಿಡಿಯಲು ಹೋದರೆ, ಸೆರಗಿನೊಳಗಿನಿಂದ ಒಂದು ಮಾತು ಬಂತು.

"ಮಿರ್ಚಿ!"

"ಏನು?"

"ಮಿರ್ಚಿಬೇ ಅದು! ಈಗ ನೆಪ್ಪಾತು! ಆ ಆಕಾಶದ್ದು ಕೇಳಿದ ವೈವಾದ ದಿನಾ ಬಿಸಿ ಬಿಸಿ ಮಿರ್ಚಿ ತಂದು ಇಟ್ಟಿದ್ದೆ. ಸರ್ ಒಂದ ಕಡದ್ರು. ಅಷ್ಟರಾಗ ಹುಡುಗ ರಾಮನ್ ಅಂದಾ. ಸರ್ ಕಣ್ಣ ಮುಚ್ಚಿ ತಲಿ ಮ್ಯಾಲ ಕೆಳಗ ಆಡಿಸಿದ್ರು. ತಲಿ ಆಡಿಸಿದ್ದು ಮಿರ್ಚಿಗೆ! ನಾ ಉತ್ತರಕ್ಕ ಅಂತ ತಿಳ್ಕೊಂಡೆ!"

ಇಬ್ಬರೂ ನಕ್ಕೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಒಬ್ಬ ಪರೀಕ್ಷಕರ ನಾಲಗೆಗೆ ರುಚಿ ಹತ್ತಿದ್ದಕ್ಕೆ ಆಕಾಶದ ನೀಲಿಯೇ ಒಬ್ಬರಿಂದ ಇನ್ನೊಬ್ಬರಿಗೆ ವರ್ಗವಾಗಿತ್ತು! ಯಾವಾಗ ಆಕೆಯ ನಗು ಅಳುವಾಯಿತೋ ನನಗೆ ತಿಳಿಯಲಿಲ್ಲ.

"ಒಂದ ಮಿರ್ಚಿ ಸಲುವಾಗಿ ನಿನ್ನ ಮದಿವಿ ಮುರದ್ನಲ್ಲಬೇ ನನ್ನವ್ವ. ಮತ್ತ ನಿಮ್ಮವ್ವನ ಮುಂದ ಇದ್ದದ್ದ ಹೇಳೇನಿ ಅಂತ ಸೆಟದ ಬಂದ್ನಲ್ಲ."

"ಮುರದಾಕಿ ನೀ ಒಬ್ಬಾಕಿ ಅಲ್ಲ ದೊಡ್ಡವ್ವ. ಸುಮ್ನ ಕುಂತಾಕಿ ನಾ."

ಕಣ್ಣೊರೆಸಿಕೊಂಡು ಕೇಳಿದಳು. "ಹೆಂಗ ಅದಾನ ಅಂವಾ, ರೇಲಿ? ನೋಡಾಕ?"

ಮೊಬೈಲಿನಲ್ಲಿ ತೋರಿಸಿದೆ. ಬೊಕ್ಕತಲೆ, ದಪ್ಪ ಮೀಸೆ. ಆಕೆ ಬಹಳ ಹೊತ್ತು ನೋಡಿದಳು, ಎಲ್ಲೋ ಕಳೆದುಹೋದ ಮನೆಯವನೊಬ್ಬ ಸಿಕ್ಕಿದಂತೆ. ಆಮೇಲೆ ಎದ್ದು ಮುಖ ತೊಳೆದು ಸೀರೆ ಬದಲಿಸಿದಳು. ಬಾಗಿಲಿಗೆ ಕೀಲಿ ಹಾಕಿದಳು. ಎಲ್ಲಿಗೆಂದು ನಾನು ಕೇಳಲಿಲ್ಲ. ಬಸ್ಸಿನಲ್ಲಿ ನಮ್ಮ ಎದುರಿಗೆ ಒಬ್ಬ ಹುಡುಗಿ ಭೌತಶಾಸ್ತ್ರದ ಪುಸ್ತಕ ತೆರೆದುಕೊಂಡು ಕೂತಿದ್ದಳು. ದೊಡ್ಡವ್ವ ಕಿಟಕಿಯ ಹೊರಗೆ ನೋಡುತ್ತ ಕೂತಳು. ದಾರಿಯುದ್ದಕ್ಕೂ ಯಾರಿಗೂ ಏನನ್ನೂ ಕೇಳಲಿಲ್ಲ.

ಗೋಪನಕೊಪ್ಪದ ಮನೆಯ ಬಾಗಿಲು ತೆರೆದಿತ್ತು. ಅವ್ವ ಒಳಗೆ ನಮ್ಮ ಕಡೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದಳು. ದೊಡ್ಡವ್ವ ಕಟ್ಟೆಯ ಕೆಳಗೇ ನಿಂತಳು. ನಾನು ಮುಂದೆ ಹೋಗಲು ನೋಡಿದರೆ ಕೈ ಹಿಡಿದು ನಿಲ್ಲಿಸಿದಳು.

"ತಂಗಿ," ಎಂದಳು. ದಪ್ಪ ದನಿಯೂ ಅಲ್ಲ, ಸಣ್ಣ ದನಿಯೂ ಅಲ್ಲ. "ಒಳಗ ಬರ್ಲೇನಬೇ?"

ಉತ್ತರ ತನಗೆ ಗೊತ್ತಿಲ್ಲದೆ ಆಕೆ ಒಂದು ಪ್ರಶ್ನೆ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅವ್ವ ತಿರುಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಾಗಿಲವರೆಗೂ ಬಂತು.

"ಚಪ್ಪಲ್ ಹೊರಗ ಬಿಡಬ್ಯಾಡ," ಎಂದಳು ಅವ್ವ. "ಓಣ್ಯಾಗ ನಾಯಿ ಭಾಳ ಆಗ್ಯಾವು. ಒಳಗ ತಗೊಂಡು ಬಾ."